ಮರಿ ಬಿಡುವ ಮೊದಲು ಟೆಸ್ಟ್ ಮಾಡ್ಸಿ: ನಮ್ಮ ಕಡೆಯ ಶೆಟ್ಲಿ ಲ್ಯಾಬ್ ಬಗ್ಗೆ

ಕುಮಟಾ, ಅಂಕೋಲಾ, ಹೊನ್ನಾವರ ಕಡೆ ಶೆಟ್ಲಿ (ಸಿಗಡಿ) ಪಾಂಡ್ ಮಾಡುವವರಿಗಾಗಿ ಇದನ್ನ ಬರೀತಾ ಇದ್ದೇನೆ. ಮೊದಲೇ ಹೇಳ್ಬಿಡ್ತೇನೆ, ಈ ಲ್ಯಾಬಿಗೆ ನನ್ನದು ಐದರಲ್ಲಿ ನಾಲ್ಕು ಸ್ಟಾರ್, ಒಂದು ಯಾಕೆ ಕಟ್ ಮಾಡಿದೆ ಅಂತ ಕೆಳಗೆ ಬರ್ದಿದ್ದೇನೆ. ನೀರು, ಮಣ್ಣು, ಮರಿ, ಬೆಳೆದ ಶೆಟ್ಲಿ ಎಲ್ಲಾ ಟೆಸ್ಟ್ ಮಾಡ್ತಾರೆ, ದುಡ್ಡು ತಗೊಳ್ತಾರೆ, ರಿಪೋರ್ಟ್ ಕೊಡ್ತಾರೆ, ಮುಗೀತು. ಒಂದು ಬಾಟ್ಲಿ ಔಷಧಿ ಸಹ ಮಾರುದಿಲ್ಲ. ನಂಗೆ ಈ ಲ್ಯಾಬ್ ಮೇಲೆ ನಂಬಿಕೆ ಬಂದದ್ದೇ ಅದರಿಂದ.

ಫ್ರೀ ಟೆಸ್ಟಿಂಗ್‌ಗೇನೂ ನಮ್ಮಲ್ಲಿ ಬರ ಇಲ್ಲ. ಫೀಡು, ಮೆಡಿಸಿನ್ ಮಾರುವ ಅಂಗಡಿಗೆ ಒಂದು ಬಾಟ್ಲಿ ನೀರು ತಗೊಂಡು ಹೋದ್ರೆ ನಿಂತಲ್ಲೇ ಪುಕ್ಕಟೆ ನೋಡಿ ಕೊಡ್ತಾರೆ. ನಮ್ಮ ಮನೆಯವ್ರು ಮೊದಲು ಹೋಗ್ತಿದ್ದದ್ದು ಅಂಥದ್ದೇ ಒಂದು ಕಡೆ, ಹೆಸರು ಬೇಡ. ನೀರು ನೋಡುದು ಎರಡು ನಿಮಿಷ, ಆಮೇಲೆ ಚೀಟಿ ಬರೆಯುದು ಹತ್ತು ನಿಮಿಷ. ಮಿನರಲ್ ಇಷ್ಟು ಚೀಲ, ನೀರಿಗೆ ಹಾಕುವ ಪ್ರೋಬಯಾಟಿಕ್ ಒಂದು, ಹೊಟ್ಟೆಗೆ ಕೊಡುವ ಪ್ರೋಬಯಾಟಿಕ್ ಇನ್ನೊಂದು, ಜಿಯೋಲೈಟ್, ಫೀಡಿಗೆ ಸವರುವ ಎಣ್ಣೆ. ದುಡ್ಡು ಈಗ ಬೇಡ, ಶೆಟ್ಲಿ ಹಿಡಿದ ಮೇಲೆ ಕೊಡಿ ಅಂತಾರೆ. ಫೀಡೂ ಅವರದ್ದೇ ಉದ್ರಿ, ಕೊನೆಗೆ ಶೆಟ್ಲಿ ತಗೊಳ್ಳುವ ಏಜೆಂಟೂ ಅವರಿಗೆ ಬೇಕಾದವನೇ. ಹೀಗಾಗಿ ಹಾರ್ವೆಸ್ಟ್ ದಿನ ರೇಟ್ ಕಡಿಮೆ ಹೇಳಿದ್ರೂ ಬಾಯಿ ಬಿಡುವ ಹಾಗಿಲ್ಲ, ಲೆಕ್ಕದ ಪುಸ್ತಕ ಅವರ ಕೈಯಲ್ಲಿ ಇರ್ತದೆ. ಪುಕ್ಕಟೆ ಟೆಸ್ಟ್‌ನ ದುಡ್ಡು ಅಲ್ಲಿ ವಸೂಲಿ ಆಗ್ತದೆ.

ಇಲ್ಲಿ ಹಾಗಲ್ಲ. ಮೊದಲ ಸಲ ನಾನೇ ಬಸ್ಸಲ್ಲಿ ಬಾಟ್ಲಿ ಹಿಡ್ಕೊಂಡು ಹೋದಾಗ ಅಲ್ಲಿದ್ದ ಹುಡುಗಿ, ಮೈಕ್ರೋಬಯಾಲಜಿ ಓದಿದವ್ಳಂತೆ, ನೀರು ನೋಡಿ "ಅಕ್ಕಾ, ನಿಮ್ಮ ನೀರಿಗೆ ಈಗ ಏನೂ ಹಾಕುದು ಬೇಡ, ಆಲ್ಕಲಿನಿಟಿ, ಅಂದ್ರೆ ಕ್ಷಾರ ಗುಣ, ಸ್ವಲ್ಪ ಕಡಿಮೆ ಅದೆ, ಸುಣ್ಣ ಸಾಕು, ಅದನ್ನೂ ಸಂಜೆ ಹೊತ್ತು ಹಾಕಿ" ಅಂದ್ಳು. ಅಷ್ಟೇ. ಸುಣ್ಣ ಎಲ್ಲಿ ತಗೊಳ್ಬೇಕು ಅಂತ ಸಹ ಹೇಳ್ಲಿಲ್ಲ. ಇನ್ನೊಂದು ವಿಷಯ, ಬೇರೆ ಕಡೆ ಹೆಂಗಸರು ಹೋದ್ರೆ "ಯಜಮಾನ್ರು ಬರ್ಲಿಲ್ವಾ" ಅಂತ ಕೇಳಿ ಫೋನ್ ನಂಬರ್ ಬರ್ಕೊಂಡು ಕಳಿಸ್ತಾರೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಚೆಕ್ ಟ್ರೇ ಎತ್ತಿ ಎಷ್ಟು ಫೀಡ್ ಉಳೀತು ಅಂತ ನೋಡುವವಳು ನಾನು, ಬರೆದಿಡುವವಳೂ ನಾನು. ಇಲ್ಲಿ ನನ್ನ ಪುಸ್ತಕ ತೆರೆದು ನೋಡಿ ನನ್ನ ಹತ್ರಾನೇ ಮಾತಾಡ್ತಾರೆ. ಇದನ್ನ ಸಣ್ಣ ವಿಷಯ ಅಂತ ಯಾರೂ ತಿಳ್ಕೊಳ್ಬೇಡಿ.

ಈಗ ಮರಿ ವಿಷಯ, ಇದೇ ಮುಖ್ಯ. ನಾವೆಲ್ಲ ಈಗ ಬಿಡುದು ವನಾಮಿ ಅನ್ನುವ ಜಾತಿಯ ಶೆಟ್ಲಿ ಮರಿ. 2009ರಲ್ಲಿ ಸರ್ಕಾರ ಪರ್ಮಿಷನ್ ಕೊಟ್ಟ ಮೇಲೆ ಬಂದದ್ದು ಇದು, ಅದಕ್ಕಿಂತ ಮೊದಲು ಟೈಗರ್ ಶೆಟ್ಲಿ. ನಮ್ಮ ಮಾವನ ಕಾಲದಲ್ಲಿ ಟೈಗರ್ ಒಳ್ಳೆ ದುಡ್ಡು ಕೊಟ್ಟಿತ್ತು, 90ರ ದಶಕದ ಮಧ್ಯ ಬಿಳಿ ಚುಕ್ಕೆ ರೋಗ ದೇಶದ ಕರಾವಳಿಗೆಲ್ಲ ಬಂತಲ್ಲ, ಆಗ ಎಷ್ಟೋ ಪಾಂಡ್ ಹಾಗೇ ಬಿದ್ಕೊಂಡ್ವು. ವನಾಮಿಯ ತಾಯಿ ಶೆಟ್ಲಿ ಹೆಚ್ಚಾಗಿ ಹೊರದೇಶದಿಂದ ಬರ್ತದೆ, ಚೆನ್ನೈಯ ನೀಲಾಂಕರೈಯಲ್ಲಿ ಕ್ವಾರಂಟೈನ್ ಮಾಡಿ ಮರಿ ಮಾಡುವ ಹ್ಯಾಚರಿಗೆ ಕೊಡ್ತಾರೆ. ಅಂಥ ತಾಯಿಗೆ ಎಸ್‌ಪಿಎಫ್ (ಸ್ಪೆಸಿಫಿಕ್ ಪ್ಯಾಥೋಜೆನ್ ಫ್ರೀ) ಅಂತಾರೆ. ಏಜೆಂಟುಗಳು ಆ ಮೂರು ಅಕ್ಷರ ಹೇಳಿಯೇ ಮರಿ ಮಾರುದು. ಆದ್ರೆ ಲ್ಯಾಬಿನ ಸರ್ ನನಗೆ ಬಿಡಿಸಿ ಹೇಳಿದ್ರು, ಎಸ್‌ಪಿಎಫ್ ಅಂದ್ರೆ ತಾಯಿಗೆ ಪಟ್ಟಿ ಮಾಡಿದ ಕೆಲವು ರೋಗ ಇರ್ಲಿಲ್ಲ ಅಂತ ಅಷ್ಟೇ, ಮರಿಗೆ ರೋಗ ಬರುದಿಲ್ಲ ಅಂತಲ್ಲ, ಹ್ಯಾಚರಿಯ ಟ್ಯಾಂಕಲ್ಲೋ ತಾಯಿಗೆ ಹಾಕುವ ಹಸಿ ತಿನಿಸಲ್ಲೋ ರೋಗ ಹತ್ತಿದ್ರೆ ಎಸ್‌ಪಿಎಫ್ ಏನೂ ಮಾಡ್ಲಿಕ್ಕಾಗುದಿಲ್ಲ. ಇಷ್ಟು ಮಾತು ನಮಗೆ ಮರಿ ಮಾರಿದವರು ಯಾರೂ ಹೇಳಿರ್ಲಿಲ್ಲ.

ಹ್ಯಾಚರಿ ಹೆಚ್ಚಿನವು ಇರುದು ಆಂಧ್ರ ತಮಿಳುನಾಡಲ್ಲಿ. ಅಲ್ಲಿಂದ ಆಕ್ಸಿಜನ್ ತುಂಬಿದ ಕವರಲ್ಲಿ ಮರಿ ರಾತ್ರಿ ಗಾಡೀಲಿ ಹೊರಟು ಬೆಳಿಗ್ಗೆ ಪಾಂಡ್ ಹತ್ರ ಬಂದಾಗ ಟೆಸ್ಟ್ ಮಾಡಿಸ್ತೇನೆ ಅಂದ್ರೆ ಯಾರು ಕಾಯ್ತಾರೆ, ಕವರ್ ಬಿಸಿ ಆಗ್ತದೆ, ಡ್ರೈವರ್ ಗಡಿಬಿಡಿ ಮಾಡ್ತಾನೆ, ನೀವು ನೀರಿಗೆ ಬಿಡಲೇಬೇಕು. ಅದಕ್ಕೇ ಇವರು ಹೇಳುದು ಗಾಡಿ ಹೊರಡುವ ಮೊದಲೇ ಅದೇ ಟ್ಯಾಂಕಿನ ಸ್ಯಾಂಪಲ್ ತರಿಸಿ ಅಂತ. ಸಣ್ಣ ಸೀಸೆ ಕೊಡ್ತಾರೆ, ಒಳಗೆ ಆಲ್ಕೋಹಾಲ್ ಇರ್ತದೆ, ಮರಿ ಅದರಲ್ಲಿ ಹಾಕಿ ಕೊರಿಯರ್ ಮಾಡಿದ್ರೆ ರೋಗಾಣು ಹುಡುಕುವ ಪಿಸಿಆರ್ ಟೆಸ್ಟಿಗೆ ಸಾಕು. ನಮ್ಮಂಥ ಒಂದು ಎರಡು ಪಾಂಡ್ ಇದ್ದವರ ಮಾತು ಹ್ಯಾಚರಿಯವರು ಕೇಳುದಿಲ್ಲ, ದೊಡ್ಡ ಆರ್ಡರಿನವರಿಗೆ ಕೊಟ್ಟು ಉಳಿದದ್ದು ನಮಗೆ. ಹಾಗಾಗಿ ಈಗ ನಮ್ಮ ಊರಲ್ಲಿ ಎಲ್ಲರೂ ಸೇರಿ ಒಂದೇ ಆರ್ಡರ್ ಮಾಡ್ತೇವೆ, ಟೆಸ್ಟ್ ಖರ್ಚನ್ನೂ ಹಂಚ್ಕೊಳ್ತೇವೆ. ತಲೆಗೆ ಬಂದದ್ದು ಒಂದು ಮೂಟೆ ಫೀಡಿನ ದುಡ್ಡೂ ಆಗ್ಲಿಲ್ಲ.

ಹೋದ ವರ್ಷ ಹಾಗೆ ತರಿಸಿದ ಸ್ಯಾಂಪಲ್ಲಿಗೆ ಇಹೆಚ್‌ಪಿ (ಶೆಟ್ಲಿಗೆ ಹತ್ತುವ ಒಂದು ಸೂಕ್ಷ್ಮ ರೋಗಾಣು) ಪಾಸಿಟಿವ್ ಬಂತು. ಬಿಳಿ ಚುಕ್ಕೆ ರೋಗ ಎಲ್ಲರಿಗೂ ಗೊತ್ತು, ಬಂದ್ರೆ ನಾಲ್ಕೈದು ದಿನದಲ್ಲಿ ದಂಡೆ ತುಂಬ ಸತ್ತ ಶೆಟ್ಲಿ. ಇಹೆಚ್‌ಪಿ ಹಾಗೆ ಕಣ್ಣಿಗೆ ಕಾಣುದಿಲ್ಲ. ಶೆಟ್ಲಿ ಒಮ್ಮೆಲೆ ಸಾಯುದಿಲ್ಲ, ಬೆಳೆಯುದೂ ಇಲ್ಲ. ಫೀಡ್ ತಿಂತಾ ಇರ್ತದೆ, ಕರೆಂಟ್ ಬಿಲ್ ಓಡ್ತಾ ಇರ್ತದೆ, ಮೂರು ತಿಂಗಳು ಆದ್ರೂ 100 ಕೌಂಟ್, ಅಂದ್ರೆ ಕಿಲೋಗೆ 100 ತೂಗುವ ಸಣ್ಣ ಸೈಜು, ದಾಟುದಿಲ್ಲ, ಒಂದು ಸೈಜಿಗೆ ಇನ್ನೊಂದು ಸೈಜು ಹೊಂದುದಿಲ್ಲ. ಇದಕ್ಕೆ ಮದ್ದೂ ಇಲ್ಲ. ಒಟ್ಟು ಖರ್ಚಲ್ಲಿ ಅರ್ಧಕ್ಕಿಂತ ಹೆಚ್ಚು ಫೀಡಿಗೇ ಹೋಗುವ ಕಸುಬಿದು, ಬೆಳೆಯದ ಶೆಟ್ಲಿಗೆ ಫೀಡ್ ಹಾಕಿದ್ರೆ ಮನೆ ಏಳುದು ಹೇಗೆ. ಏಜೆಂಟ್ ಬಹಳ ಕೂಗಾಡಿದ, ನಿಮ್ಮ ಲ್ಯಾಬೇ ಸರಿ ಇಲ್ಲ ಅಂದ. ಲ್ಯಾಬಿನವರು ಅದೇ ಸ್ಯಾಂಪಲ್ ಇನ್ನೊಮ್ಮೆ ಹಾಕಿದ್ರು, ಅದಕ್ಕೆ ದುಡ್ಡು ತಗೊಳ್ಲಿಲ್ಲ, ಮತ್ತೆ ಪಾಸಿಟಿವ್. ಕೊನೆಗೆ ಬೇರೆ ಟ್ಯಾಂಕಿನ ಮರಿ ಬಂತು, ಸ್ವಲ್ಪ ತಡ ಆಯ್ತು, ಆದ್ರೆ ಆ ಬೆಳೆ ಉಳೀತು. ಅದೇ ಸಮಯಕ್ಕೆ ಟೆಸ್ಟ್ ಮಾಡಿಸದೆ ಬಿಟ್ಟ ಆಚೆ ದಂಡೆಯವರದ್ದು ಸಣ್ಣದರಲ್ಲೇ ಹಿಡಿಯಬೇಕಾಯ್ತು, ಅವರ ಮನೆ ಹೆಣ್ಣುಮಗಳ ಮದುವೆ ಮುಂದಕ್ಕೆ ಹೋಯ್ತು. ನಂಗೆ ಇವತ್ತಿಗೂ ಅದು ನೆನಪಾದ್ರೆ ಹೊಟ್ಟೆ ಉರೀತದೆ, ಒಂದು ಪಿಸಿಆರ್ ರೇಟಲ್ಲಿ ತಪ್ಪಿಸ್ಬಹುದಿತ್ತು.

ಲ್ಯಾಬ್ ಒಳಗೆ ಏನು ಮಾಡ್ತಾರೆ ಅಂತ ಕೇಳುವವರಿಗೆ: ಕೇಳಿದ್ರೆ ತೋರಿಸ್ತಾರೆ, ಅದು ನಂಗೆ ಬಹಳ ಹಿಡಿಸ್ತು. ಮರಿ ಗಟ್ಟಿ ಇದೆಯಾ ಅಂತ ನೋಡ್ಲಿಕ್ಕೆ ಎಣಿಸಿ ಬೀಕರಿಗೆ ಹಾಕ್ತಾರೆ, ನೀರಿನ ಉಪ್ಪು ಒಮ್ಮೆಲೆ ಅರ್ಧಕ್ಕೆ ಇಳಿಸ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಎಷ್ಟು ಉಳಿದ್ವು ಅಂತ ಮತ್ತೆ ಎಣಿಸ್ತಾರೆ. ಆ ಬೀಕರನ್ನ ಬೆಳಕಿಗೆ ಹಿಡಿದು ಕೈಯಿಂದ ನೀರನ್ನ ಒಂದು ಸುತ್ತು ತಿರುಗಿಸಿದ್ರು, ಒಳ್ಳೆ ಮರಿ ಎಲ್ಲ ನೀರಿನ ಎದುರು ಈಜಿ ಬದಿಗೆ ಅಂಟಿಕೊಂಡ್ವು, ಸೋತದ್ದು ನಡುವೆ ಗುಂಪಾಗಿ ಸುತ್ತುತಾ ಕೂತ್ವು. ಆಮೇಲೆ ಬೆಳೆದ ಶೆಟ್ಲಿ ಒಂದನ್ನ ಕೊಯ್ದು ತಲೆಯೊಳಗಿನ ಕಂದು ಗಡ್ಡೆ, ಅದೇ ಅದರ ಲಿವರ್ ಇದ್ದ ಹಾಗೆ, ಅದರ ಚೂರನ್ನ ಗಾಜಿನ ಮೇಲೆ ಒತ್ತಿ ಮೈಕ್ರೋಸ್ಕೋಪಲ್ಲಿ ನೋಡಿ ಅಂದ್ರು. ಸಣ್ಣ ಸಣ್ಣ ಕೊಳವೆ, ಒಳಗೆ ಎಣ್ಣೆ ಹನಿ ತುಂಬಿತ್ತು. "ಹೀಗೆ ಹನಿ ಕಂಡ್ರೆ ತಿಂದದ್ದು ಮೈಗೆ ಹತ್ತುತಾ ಉಂಟು ಅಂತ ಅರ್ಥ, ಕೊಳವೆ ಚಿವುಟಿದ ಹಾಗೆ ಆಗಿದ್ರೆ ನಮಗೆ ಫೋನ್ ಮಾಡಿ" ಅಂದ್ರು. ಪ್ಲೇಟಲ್ಲಿ ವಿಬ್ರಿಯೊ ಅನ್ನುವ ಬ್ಯಾಕ್ಟೀರಿಯಾ ಬೆಳೆಸುದನ್ನೂ ತೋರಿಸಿದ್ರು, ಹಳದಿ ಚುಕ್ಕೆ ಬೇರೆ, ಹಸಿರು ಚುಕ್ಕೆ ಬೇರೆ, ಹಸಿರು ಜಾಸ್ತಿ ಆದ್ರೆ ಹುಷಾರು ಅಂತ.

ನಮ್ಮ ಗಜನಿಯ (ಹೊಳೆ ಬದಿಯ ಉಪ್ಪುನೀರಿನ ತಗ್ಗು ಗದ್ದೆ) ನೀರು ಪೂರ್ವ ಕರಾವಳಿಯ ಹಾಗಲ್ಲ ಅನ್ನುದನ್ನ ಇವರು ಚೆನ್ನಾಗಿ ತಿಳ್ಕೊಂಡಿದ್ದಾರೆ. ಆಂಧ್ರದಿಂದ ಬರುವ ಟೆಕ್ನಿಷಿಯನ್‌ಗಳು ಅಲ್ಲಿಯ ಚಾರ್ಟನ್ನೇ ಇಲ್ಲಿಗೂ ಓದ್ತಾರೆ. ನಮ್ಮ ಅಘನಾಶಿನಿ ಹೊಳೆಗೆ ಒಂದು ಡ್ಯಾಮ್ ಇಲ್ಲ, ಜೂನಲ್ಲಿ ಮಳೆ ಹಿಡಿದ್ರೆ ಘಟ್ಟದ ನೀರೆಲ್ಲ ಒಮ್ಮೆಲೆ ಇಳಿದು ಉಪ್ಪು ತೊಳೆದು ಹೋಗ್ತದೆ. ಬೇಸಿಗೆಯಲ್ಲಿ ಸಮುದ್ರದಷ್ಟೇ ಉಪ್ಪು ಇದ್ದ ಪಾಂಡ್ ನೀರು ಆಮೇಲೆ ಬಾಯಿಗೆ ಹಾಕಿದ್ರೂ ಗೊತ್ತಾಗುದಿಲ್ಲ. ನಮಗೆ ನಂಬುವ ಬೆಳೆ ಅಂದ್ರೆ ಮಳೆ ಮುಗಿದ ಮೇಲೆ ಬಿಟ್ಟು ಮೇ ಒಳಗೆ ಹಿಡಿಯುದು, ಅದೊಂದೇ. ವನಾಮಿ ಕಡಿಮೆ ಉಪ್ಪಲ್ಲಿ ಬದುಕ್ತದೆ ನಿಜ, ಆದ್ರೆ ಉಪ್ಪು ಇಳಿದಾಗ ಮೆಗ್ನೀಷಿಯಂ, ಪೊಟ್ಯಾಷಿಯಂ ಸಹ ಇಳೀತದೆ, ಸಿಪ್ಪೆ ಕಳಚಿದ ಮೇಲೆ ಗಟ್ಟಿ ಆಗುದಿಲ್ಲ, ಮೆತ್ತಗಿನ ಶೆಟ್ಲಿ ಕಂಡ್ರೆ ಖರೀದಿದಾರ ರೇಟ್ ಕಡಿದು ಹಾಕ್ತಾನೆ. ಇಲ್ಲಿ ಯಾವುದು ಎಷ್ಟು ಕಡಿಮೆ ಅಂತ ಅಳೆದು ಹೇಳ್ತಾರೆ, ಅಷ್ಟೇ ಹಾಕಿದ್ರೆ ಸಾಕು. ಗಜನಿ ಮಣ್ಣು ಕೆಲವು ಕಡೆ ಹುಳಿ ಇರ್ತದೆ, ಮೊದಲ ಮಳೆಗೆ ದಂಡೆ ತೊಳೆದು ಬಂದ ನೀರಿಗೆ ಪಿಎಚ್ ಬೀಳ್ತದೆ, ಅದಕ್ಕೆ ದಂಡೆ ಮೇಲೇ ಸುಣ್ಣ ಎರಚಿ ಇಡಿ ಅಂತಾನೂ ಇವರೇ ಹೇಳಿದ್ದು.

ನಾನು ಇಷ್ಟು ಯಾಕೆ ಬರೀತೇನೆ ಅಂದ್ರೆ, ಇದು ಒಂದು ಪಾಂಡಿನ ಲಾಭ ನಷ್ಟದ ಮಾತಲ್ಲ. ಮರಿ ಬಿಡುವಾಗ ಸೊಸೈಟಿಯಲ್ಲಿ ಬಂಗಾರ ಇಡ್ತೇವೆ, ಸಂಘದಿಂದ ಸಾಲ ತೆಗೀತೇವೆ, ಹಿಡಿದ ಮೇಲೆ ಬಿಡಿಸ್ತೇವೆ. ರಾತ್ರಿ ನೀರಿಗೆ ಗಾಳಿ ಕೊಡುವ ಏರಿಯೇಟರ್ ಕಾಯ್ಲಿಕ್ಕೆ ಮಲಗುವವನ ಸಂಬಳ, ಹಿಡಿಯುವ ದಿನ ಬಲೆ ಎಳೆಯುವವರು, ಬುಟ್ಟಿ ಹೊರುವವರು, ಐಸ್ ಒಡೆಯುವವರು, ಸೈಜು ಮಾಡುವ ಹೆಂಗಸರು, ಎಲ್ಲ ಅಕ್ಕಪಕ್ಕದ ಕೇರಿಯವರೇ. ಬೆಳೆ ಹೋದ್ರೆ ಮಾಲೀಕನದ್ದು ಸಾಲ ಆಗಿ ಪುಸ್ತಕದಲ್ಲಿ ಕಾಣ್ತದೆ, ಬುಟ್ಟಿ ಹೊರುವವಳದ್ದು ಎಲ್ಲೂ ಬರೆದಿರುದಿಲ್ಲ, ಅವಳಿಗೆ ಆ ವಾರದ ಕೂಲಿ ಇಲ್ಲ ಅಷ್ಟೇ.

ಹೊಳೆ ನಂಬಿದವರು ಬೇರೆ ಇದ್ದಾರೆ. ಇಳಿತ ಆದಾಗ ಬಳಚು (ಚಿಪ್ಪುಮೀನು) ಆರಿಸ್ಲಿಕ್ಕೆ ಹೋಗುವ ಹೆಂಗಸರು, ಅಮಾವಾಸ್ಯೆ ಹುಣ್ಣಿಮೆ ನೀರಿಗೆ ಜಂತ್ರಡಿಯಲ್ಲಿ (ಗಜನಿ ಕಟ್ಟೆಯ ತೂಬು) ಬಲೆ ಕಟ್ಟಿ ಹೊಳೆ ಶೆಟ್ಲಿ ಹಿಡಿಯುವವರು, ಇನ್ನೂ ಕಗ್ಗ ಭತ್ತ ಬಿತ್ತುವ ಮಾಣಿಕಟ್ಟಾ ಕಡೆಯವರು. 2024ರಲ್ಲಿ ಅಘನಾಶಿನಿ ಅಳಿವೆಯ 4801 ಹೆಕ್ಟೇರ್ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು, ನಮಗೆಲ್ಲ ಹೆಮ್ಮೆ. ಆದ್ರೆ ರೋಗ ಬಂದ ಪಾಂಡಿನ ನೀರನ್ನ ರಾತ್ರೋರಾತ್ರಿ ಹೊಳೆಗೆ ಬಿಡುವವರು ಇದ್ದಾರೆ. ಕೆಳಗಿನ ಪಾಂಡಿನವ ಅದೇ ನೀರನ್ನ ಪಂಪ್ ಹಾಕಿ ಎಳ್ಕೊಳ್ತಾನೆ, ಬಳಚು ಆರಿಸುವವಳು ಅದೇ ನೀರಲ್ಲಿ ಸೊಂಟದ ಮಟ್ಟ ನಿಂತಿರ್ತಾಳೆ. 1996ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಸಿಗಡಿ ಪಾಂಡುಗಳ ವಿರುದ್ಧ ಅಷ್ಟು ಖಡಕ್ ತೀರ್ಪು ಕೊಟ್ಟದ್ದು ಸುಮ್ಮನೆ ಅಲ್ಲ, ಕರಾವಳಿ ಜನರ ನೀರು, ಗದ್ದೆ, ಮೀನು ಹಾಳಾಗ್ತಾ ಇದೆ ಅಂತಲೇ. 2005ರಲ್ಲಿ ಕೋಸ್ಟಲ್ ಅಕ್ವಾಕಲ್ಚರ್ ಅಥಾರಿಟಿ ಕಾನೂನು ಬಂತು, ಅದರಡಿ ರಿಜಿಸ್ಟ್ರೇಷನ್ ಬೇಕು, ವನಾಮಿ ಮರಿ ಮಿತಿಗಿಂತ ಜಾಸ್ತಿ ಬಿಡ್ಬಾರದು, ಹೊರಗೆ ಬಿಡುವ ನೀರು ಸಂಸ್ಕರಿಸ್ಬೇಕು ಅಂತೆಲ್ಲ ಇದೆ. ಈ ಲ್ಯಾಬಿನ ಬಾಗಿಲ ಹತ್ರ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಅಂಟಿಸಿದ್ದಾರೆ, ಬಿಳಿ ಚುಕ್ಕೆ ಬಂದ್ರೆ ನೀರು ಬಿಡ್ಬೇಡಿ, ಬ್ಲೀಚಿಂಗ್ ಹಾಕಿ ನಿಲ್ಲಿಸಿ, ಪಕ್ಕದವರಿಗೆ ತಿಳಿಸಿ ಅಂತ. ಪಾಸಿಟಿವ್ ಬಂದಾಗ ಬರೀ ರಿಪೋರ್ಟ್ ಕೊಟ್ಟು ಕೈ ತೊಳ್ಕೊಳ್ಳುದಿಲ್ಲ, ಎಷ್ಟು ನೀರಿಗೆ ಎಷ್ಟು ಬ್ಲೀಚಿಂಗ್ ಅಂತ ಲೆಕ್ಕ ಮಾಡಿ ಚೀಟಿ ಕೊಡ್ತಾರೆ, ಎರಡು ದಿನ ಬಿಟ್ಟು ಫೋನ್ ಮಾಡಿ ಕೇಳ್ತಾರೆ ಸಹ.

ಆಂಟಿಬಯಾಟಿಕ್ ಕೇಳಿದ್ರೆ ಸಿಟ್ಟು ಮಾಡ್ತಾರೆ, ಮಾಡ್ಲಿ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಎಲ್ಲ ಬ್ಯಾನ್ ಆದದ್ದು, ಶೆಟ್ಲಿಯಲ್ಲಿ ಸಿಕ್ಕಿದ್ರೆ ಯುರೋಪಿನವರು ಕಂಟೇನರೇ ವಾಪಸ್ ಕಳಿಸ್ತಾರೆ. ಮೊದಲೇ ಮಾರ್ಕೆಟ್ ನಂಬುವ ಹಾಗಿಲ್ಲ. ನಮ್ಮ ದೇಶದ ಸಿಗಡಿ ಅತಿ ಹೆಚ್ಚು ತಗೊಳ್ತಿದ್ದದ್ದು ಅಮೆರಿಕ, ಅವರು 2025ರ ಆಗಸ್ಟಲ್ಲಿ ಸುಂಕ 50 ಪರ್ಸೆಂಟಿಗೆ ಏರಿಸಿದ್ರು, ಮೊದಲಿದ್ದ ಆಂಟಿ ಡಂಪಿಂಗ್ ಸುಂಕ ಎಲ್ಲ ಅದರ ಮೇಲೆ ಬೇರೆ. ಆಗ ಪಾಂಡಲ್ಲಿ ಶೆಟ್ಲಿ ಇದ್ದವರ ಪರಿಸ್ಥಿತಿ ಕೇಳ್ಬೇಡಿ. ರೇಟ್ ನಮ್ಮ ಕೈಯಲ್ಲಿ ಇಲ್ಲ, ಅದನ್ನ ಯಾವ ಲ್ಯಾಬೂ ಸರಿ ಮಾಡುದಿಲ್ಲ. ಮರಿ, ನೀರು, ಫೀಡ್ ಇಷ್ಟು ನಮ್ಮ ಕೈಯಲ್ಲಿದೆ, ಅಲ್ಲಿ ಸೋರಿಕೆ ಆಗ್ಬಾರದು.

ಈಗ ಕಟ್ ಮಾಡಿದ ಸ್ಟಾರ್ ವಿಷಯ. ರಿಪೋರ್ಟ್ ಪೂರ್ತಿ ಇಂಗ್ಲಿಷಲ್ಲಿ ಬರ್ತದೆ. ಬಾಯಲ್ಲಿ ಚಂದ ಹೇಳ್ತಾರೆ, ಆದ್ರೆ ಮನೆಗೆ ಬಂದು ಮಾವನಿಗೆ ತೋರಿಸ್ಲಿಕ್ಕೆ ಹೋದ್ರೆ ಅವರಿಗೆ ಒಂದಕ್ಷರ ತಿಳಿಯುದಿಲ್ಲ. ಬಾಗಿಲಿಗೆ ಕನ್ನಡದಲ್ಲಿ ಬರೆದು ಹಾಕಿದವರು ರಿಪೋರ್ಟಿನ ಕೆಳಗೆ ನಾಲ್ಕು ಸಾಲು ಕನ್ನಡ ಬರೆದು ಕೊಡ್ಲಿಕ್ಕೆ ಕಷ್ಟ ಏನು, ನಾನು ಹೇಳಿಯೂ ಹೇಳಿದ್ದೇನೆ, ನೋಡುವಾ ಅಂದಿದ್ದಾರೆ. ಆಮೇಲೆ ಕೆಲಸದವರು ಕಡಿಮೆ, ಸೀಸನ್ ಟೈಮಲ್ಲಿ ಪಿಸಿಆರ್ ರಿಪೋರ್ಟ್ ಹೇಳಿದ ದಿನಕ್ಕೆ ಸಿಗುದಿಲ್ಲ. ಕರೆಂಟ್ ಹೋದ್ರೆ ಮೆಷಿನ್ ನಿಲ್ತದೆ, ನಮ್ಮ ತಾಲೂಕಲ್ಲಿ ಕರೆಂಟ್ ಹೋಗದ ದಿನ ಯಾವುದು. ಭಾನುವಾರ ಬಂದ್, ಶೆಟ್ಲಿಗೆ ರೋಗ ಭಾನುವಾರ ನೋಡಿ ಬರುದಿಲ್ಲ, ಒಂದು ಫೋನ್ ನಂಬರ್ ಆದ್ರೂ ಇಡ್ಬೇಕು. ಮೆಟ್ಟಿಲು ಕಡಿದಾಗಿದೆ, ವಯಸ್ಸಾದವರು ಕ್ಯಾನ್ ಹಿಡ್ಕೊಂಡು ಹತ್ತುದು ಕಷ್ಟ.

ಹೋಗುವವರಿಗೆ ಸ್ವಲ್ಪ ಮಾಹಿತಿ. ನೀರಿನ ಬಾಟ್ಲಿ ಕಂಠದವರೆಗೆ ತುಂಬಿಸಿ, ಒಳಗೆ ಗಾಳಿ ಉಳೀಬಾರದು, ದಂಡೆ ಹತ್ರದ ನೀರು ಬೇಡ, ಸ್ವಲ್ಪ ಒಳಗಿನದ್ದು ತೆಗೀರಿ, ಎಷ್ಟು ಗಂಟೆಗೆ ತೆಗೆದದ್ದು ಅಂತ ಬಾಟ್ಲಿ ಮೇಲೆ ಬರೀರಿ, ಬೆಳಗಿನ ಪಿಎಚ್‌ಗೂ ಮಧ್ಯಾಹ್ನದ ಪಿಎಚ್‌ಗೂ ಬಹಳ ಫರಕು ಬರ್ತದೆ. ಡಿಒ (ನೀರಲ್ಲಿ ಕರಗಿದ ಆಕ್ಸಿಜನ್) ಮಾತ್ರ ಬಾಟ್ಲಿಯಲ್ಲಿ ತಂದ್ರೆ ಲೆಕ್ಕಕ್ಕೆ ಬರುದಿಲ್ಲ, ಅದನ್ನ ಪಾಂಡಲ್ಲೇ ಬೆಳಗಾಗುವ ಮೊದಲು ಅಳೀಬೇಕು, ಇವರ ಹತ್ರ ಬಾಡಿಗೆಗೆ ಮೀಟರ್ ಇದೆ, ಕೇಳಿ. ಶೆಟ್ಲಿ ತರುದಾದ್ರೆ ಸತ್ತದ್ದು ತರ್ಬೇಡಿ, ದಂಡೆಗೆ ಬಂದು ಸುಸ್ತಾಗಿ ನಿಂತದ್ದನ್ನ ಜೀವ ಇರುವಾಗಲೇ ತನ್ನಿ. ಸೋಮವಾರ ಬೆಳಿಗ್ಗೆ ರಶ್ ಇರ್ತದೆ, ಮಧ್ಯ ವಾರದಲ್ಲಿ ಆರಾಮವಾಗಿ ಕೂತು ಮಾತಾಡ್ತಾರೆ. ಮುಂದಿನ ಬೆಳೆಗೆ ಮರಿ ಆರ್ಡರ್ ಮಾಡುವವರು ಆ ಆಲ್ಕೋಹಾಲ್ ಸೀಸೆ ಈಗ್ಲೇ ತಂದಿಟ್ಕೊಳ್ಳಿ, ಅಡ್ವಾನ್ಸ್ ಕೊಡುವ ಮೊದಲು ಏಜೆಂಟ್ ಹತ್ರ ಸ್ಯಾಂಪಲ್ ಕೇಳಿ, ಕೊಡುದಿಲ್ಲ ಅಂದ್ರೆ ಬೇರೆ ಹ್ಯಾಚರಿ ನೋಡಿ.